ಸೋಫಾದ ಮೂಲೆಯಲ್ಲಿ ದುಡಿಯುವವರಿಗೊಂದು ಮೇಜು

ನಮ್ಮ ಮನೆಗಳ ಹಾಲ್‌ಗೆ ಸೋಫಾ ಬಂದದ್ದು ದುಡಿಯಲಿಕ್ಕೆ ಅಲ್ಲ. ಗಲ್ಫಿನ ದುಡ್ಡು ಬಂದು ಹಂಚಿನ ಮನೆಗಳು ತಾರಸಿ ಮನೆಗಳಾದ ಕಾಲಕ್ಕೆ ಚಾಪೆ, ಬೆಂಚು ಇದ್ದ ಜಾಗದಲ್ಲಿ ಸೋಫಾ ಬಂದು ಕೂತಿತು. ಅದು ನೆಂಟರಿಗೆ, ಹೊಸ ಪುದಿಯಾಪ್ಲನಿಗೆ, ಸಂಬಂಧ ಕೇಳಿಕೊಂಡು ಬರುವವರಿಗೆ. ಮನೆಯವರು ಕೂರುವುದು ಅಡುಗೆಮನೆ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲೇ. ಅಂಗಡಿಯಿಂದ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ತೆಗೆಯದ ಮನೆಗಳನ್ನು ನೀವೂ ನೋಡಿರಬಹುದು.

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಈ ಮರ್ಯಾದೆಯನ್ನೆಲ್ಲ ಮುರಿಯಿತು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹುಡುಗ ಹುಡುಗಿಯರು ಬ್ಯಾಗು, ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದರು. ಕೆಲವರು ಮತ್ತೆ ಹೋದರು. ಕೆಲವರಿಗೆ ಈಗ ತಿಂಗಳಿಗೆ ನಾಲ್ಕು ದಿನ ಆಫೀಸಿಗೆ ಮುಖ ತೋರಿಸಿದರೆ ಸಾಕು. ಇನ್ನು ಕೆಲವರು, ಮುಖ್ಯವಾಗಿ ಮದುವೆಯಾದ ಹೆಣ್ಣುಮಕ್ಕಳು, ಇಲ್ಲೇ ಉಳಿದುಬಿಟ್ಟರು. ಕಂಪೆನಿ ಬೆಂಗಳೂರಿನಲ್ಲೋ ದುಬೈಯಲ್ಲೋ ಉಂಟು. ಆಫೀಸು ಮಾತ್ರ ನಮ್ಮ ಹಾಲ್‌ನ ಸೋಫಾದ ಒಂದು ಮೂಲೆ.

ಈ ಸೋಫಾದ ಕೆಲಸದ ಬಗ್ಗೆ ನನಗೊಂದು ತಕರಾರು ಉಂಟು. ತಕರಾರು ಸೋಫಾದ ಮೇಲಲ್ಲ, ಅದರಲ್ಲಿ ಕೂತವರ ಮೇಲೂ ಅಲ್ಲ. ಅವರನ್ನು ಅಲ್ಲಿ ಕೂರಿಸಿ ಬಿಟ್ಟ ಮನೆಯವರ ಮೇಲೆ.

ಮದ್ರಸದ ಉಸ್ತಾದರಿಗೆ ಜಮಾಅತಿನ ಮನೆಗಳಿಂದ ಸರದಿಯಲ್ಲಿ ಊಟ ಕೊಡುವ ಪದ್ಧತಿ ನಮ್ಮಲ್ಲಿ ಹಳತು. ಈಗ ಹೆಚ್ಚಿನ ಕಡೆ ಟಿಫಿನ್ ಕ್ಯಾರಿಯರ್‌ನಲ್ಲೇ ಬರುತ್ತದೆ, ಆದರೂ ಎಷ್ಟೋ ಮನೆಗಳ ಹಾಲ್‌ನಲ್ಲಿ ಕೂತು ಉಂಡವನು ನಾನು. ಹಾಗಾಗಿ ಯಾರ ಮನೆಯಲ್ಲಿ ಯಾರು ಎಲ್ಲಿ ಕೂತು ದುಡಿಯುತ್ತಾರೆ ಅನ್ನುವುದು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಮಗ ಸೋಫಾದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರೆ ‘ಅವನು ಡ್ಯೂಟಿಯಲ್ಲಿದ್ದಾನೆ’ ಅಂತ ಮಕ್ಕಳನ್ನು ಗದರಿಸಿ ಸುಮ್ಮನೆ ಕೂರಿಸುತ್ತಾರೆ. ಸೊಸೆ ಕೂತಿದ್ದರೆ ಲೆಕ್ಕ ಬೇರೆ. ಹೊರಗೆ ಚಪ್ಪಲಿ ಸದ್ದು ಕೇಳಿದ ಕೂಡಲೇ ಅವಳು ವಯರ್ ಸುತ್ತಿ, ಲ್ಯಾಪ್‌ಟಾಪ್ ಮಡಚಿ ಒಳಗೆ ಹೋಗಬೇಕು. ಒಳಗೆ ಅಂದರೆ ಮಂಚ. ಮೀಟಿಂಗ್ ಅರ್ಧದಲ್ಲಿದ್ದರೂ ಸರಿ. ಬಂದವರು ಹೋಗುವ ತನಕ ದಿಂಬಿನ ಮೇಲೆ ಕೆಲಸ, ನಡುವೆ ಚಾ ಮಾಡಲಿಕ್ಕೆ ಒಮ್ಮೆ ಏಳಬೇಕು. ಹೆಣ್ಣುಮಕ್ಕಳು ಬಂದವರ ಎದುರು ಕೂರಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ, ಅದು ಬೇರೆ ವಿಷಯ. ನಾನು ಕೇಳುವುದು ಇಷ್ಟೆ: ನೆಂಟರು ಬಂದರೂ ಯಾರೂ ಎಬ್ಬಿಸದ ಒಂದು ಜಾಗ ಅಷ್ಟು ದೊಡ್ಡ ಮನೆಯೊಳಗೆ ಅವಳಿಗೆ ಯಾಕಿಲ್ಲ?

ಇದಕ್ಕೆಲ್ಲ ಮೂಲ ಒಂದು ಮಾತು. ‘ಮನೆಯಲ್ಲೇ ಇದ್ದಾಳಲ್ಲ.’ ಗ್ಯಾಸ್ ಸಿಲಿಂಡರಿನವನು ಬಂದರೆ, ಮಗುವಿನ ಶಾಲೆಯಿಂದ ಫೋನು ಬಂದರೆ, ಮೀನಿನವನು ಹಾರ್ನ್ ಹೊಡೆದರೆ ‘ಮನೆಯಲ್ಲೇ ಇದ್ದಾಳಲ್ಲ’. ಸೋಫಾ ಈ ಮಾತಿಗೆ ಸಾಕ್ಷಿ ಹೇಳುತ್ತದೆ. ಸೋಫಾದಲ್ಲಿ ಕೂತು ಪರದೆ ನೋಡುವವಳು ಕಂಪೆನಿಯ ಲೆಕ್ಕ ನೋಡುತ್ತಿದ್ದಾಳೋ ಸೀರಿಯಲ್ ನೋಡುತ್ತಿದ್ದಾಳೋ ಅಂತ ಅತ್ತೆಗೆ ಗೊತ್ತಾಗುವುದು ಹೇಗೆ? ಎರಡಕ್ಕೂ ಕೂರುವ ಭಂಗಿ ಒಂದೇ.

ಗಂಡಸರಿಗೂ ಈ ಕಷ್ಟ ಇಲ್ಲವೆಂದಲ್ಲ. ಗಲ್ಫಿನಿಂದ ವಾಪಸ್ ಬಂದು ಅಲ್ಲಿನ ಕಂಪೆನಿಯ ಲೆಕ್ಕಪತ್ರವನ್ನು ಇಲ್ಲಿಂದಲೇ ನೋಡುವ ಯುವಕರು ಈಗ ಇದ್ದಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದ್ದು ಎರಡೂವರೆ ಗಂಟೆ. ಅಲ್ಲಿನ ಒಂಬತ್ತರಿಂದ ಆರು ಅಂದರೆ ದುಬೈ ಲೆಕ್ಕದಲ್ಲಿ ಇಲ್ಲಿ ಹತ್ತೂವರೆಯಿಂದ ಏಳೂವರೆ. ಬೆಳಿಗ್ಗೆ ನೋಡಿದವರಿಗೆ ‘ಇವನು ಸೋಫಾದಲ್ಲೇ ಬಿದ್ದಿದ್ದಾನೆ’, ಸಂಜೆ ನೋಡಿದವರಿಗೆ ‘ಇವನದ್ದು ಇನ್ನೂ ಮುಗಿಯಲಿಲ್ಲವಾ’. ಸೌದಿಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆದಿತ್ಯವಾರ ಡ್ಯೂಟಿ. ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ಇಡುವುದು ಆದಿತ್ಯವಾರವೇ. ಬರಲಿಲ್ಲ ಅಂದರೆ ಕುಟುಂಬದಲ್ಲಿ ಬೇಸರ. ರಜೆ ಹಾಕಿ ಅಂತ ಯಾರೂ ಹೇಳುವುದಿಲ್ಲ, ‘ಮನೆಯಲ್ಲೇ ಇದ್ದಿಯಲ್ಲ ಮಾರಾಯ’ ಅನ್ನುತ್ತಾರೆ.

ಇಷ್ಟಕ್ಕೂ ಮನೆಯಲ್ಲಿ ಕೂತು ದುಡಿಯುವುದು ನಮಗೆ ಹೊಸತಾ? ಬೀಡಿಯನ್ನು ಮರೆತೆವಾ? ದಕ್ಷಿಣ ಕನ್ನಡದಲ್ಲಿ ಬ್ಯಾರಿಗಳ ಮನೆ, ಬಿಲ್ಲವರ ಮನೆ ಎಂಬ ಭೇದ ಇಲ್ಲದೆ ಹೆಂಗಸರು ಬೀಡಿ ಕಟ್ಟಿದರು. ಬ್ರಾಂಚಿನಿಂದ ಎಲೆ, ತಂಬಾಕು, ನೂಲು ತರುವುದು. ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುವುದು. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ತೊಡೆ ಮೇಲೆ ಗೆರಸೆ ಇಟ್ಟುಕೊಂಡು ಸುರುಳಿ ಸುತ್ತಿ, ತಲೆ ಮಡಚಿ, ನೂಲು ಬಿಗಿಯುವುದು. ಗೆರಸೆಯನ್ನು ಲ್ಯಾಪ್‌ಟಾಪ್ ಅಂತ ಓದಿಕೊಂಡರೆ ಇವತ್ತಿನ ಚಿತ್ರವೇ. ಅದೇ ಬಗ್ಗಿದ ಕುತ್ತಿಗೆ, ಅದೇ ಕೆಳಗೆ ನೆಟ್ಟ ಕಣ್ಣು. ಅದಕ್ಕೆ ವರ್ಕ್ ಫ್ರಮ್ ಹೋಮ್ ಎಂಬ ಹೆಸರು ಇರಲಿಲ್ಲ, ಅಷ್ಟೆ. ‘ಅವಳು ಮನೆಯಲ್ಲೇ ಇರುವುದು, ಪುರುಸೊತ್ತಿನಲ್ಲಿ ಎರಡು ಬೀಡಿ ಕಟ್ಟುತ್ತಾಳೆ’ ಅನ್ನುತ್ತಿದ್ದರು. ಆ ಪುರುಸೊತ್ತಿನ ಬೀಡಿಯಲ್ಲಿ ಎಷ್ಟು ಮಕ್ಕಳ ಶಾಲೆ ಫೀಸು ಹೋಯಿತು, ಎಷ್ಟು ಹೆಣ್ಣುಮಕ್ಕಳ ಮದುವೆಯ ಚಿನ್ನ ಬಂತು ಅಂತ ಲೆಕ್ಕ ಹಾಕಿದವರು ಯಾರು?

ಆದರೂ ಬೀಡಿ ಕಟ್ಟುವವಳಿಗೆ ಒಂದು ಅನುಕೂಲ ಇತ್ತು. ಅವಳ ಕೆಲಸ ಕಾಣುತ್ತಿತ್ತು. ಸಾವಿರಕ್ಕೆ ಇಷ್ಟು ಅಂತ ಮಜೂರಿ, ಸಂಜೆ ಹೊತ್ತಿಗೆ ಕಟ್ಟುಗಳು ಕಣ್ಣೆದುರು ಸಾಲಾಗಿ ಇರುತ್ತಿದ್ದವು. ನಡುವೆ ಎಬ್ಬಿಸಿದರೆ ಎಷ್ಟು ಕಡಿಮೆಯಾಯಿತು ಅಂತ ಎಣಿಸಿ ಹೇಳಬಹುದಿತ್ತು. ಲ್ಯಾಪ್‌ಟಾಪ್ ಮುಚ್ಚಿದರೆ ಎಂತ ಕಾಣುತ್ತದೆ? ಎಂತದೂ ಇಲ್ಲ. ಅರ್ಧ ಗಂಟೆ ಎಬ್ಬಿಸಿದ್ದಕ್ಕೆ ಆ ಹುಡುಗಿ ರಾತ್ರಿ ಹನ್ನೊಂದಕ್ಕೆ ಮತ್ತೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾಳೆ. ಅಷ್ಟು ಹೊತ್ತಿಗೆ ಎಬ್ಬಿಸಿದವರು ಮಲಗಿ ಆಗಿರುತ್ತದೆ.

ಕಾನೂನಿಗೆ ಈ ವಿಷಯ ನಮಗಿಂತ ಮೊದಲೇ ಅರ್ಥ ಆಗಿತ್ತು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂದಾಗ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಲೆಕ್ಕಕ್ಕೆ ತೆಗೆದುಕೊಂಡಿತು. ಭವಿಷ್ಯನಿಧಿ ಮನೆಯವರಿಗೆ ಸಲ್ಲುವುದಿಲ್ಲ ಅಂತ ಮಾಲಕರು ಕೋರ್ಟಿಗೆ ಹೋದರು. 1985ರಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲಿ ಕಟ್ಟಿದರೂ ನೌಕರರೇ, ಸಲ್ಲುತ್ತದೆ ಅಂತ ಹೇಳಿತು. 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಕೆಲಸಗಾರರಿಗಾಗಿಯೇ 177ನೇ ಒಡಂಬಡಿಕೆ ಮಾಡಿತು. ಮನೆಕೆಲಸಗಾರರು ಅಂದರೆ ಪಾತ್ರೆ ತೊಳೆಯುವವರಲ್ಲ, ತಮ್ಮ ಮನೆಯಲ್ಲಿ ಕೂತು ಸಂಬಳಕ್ಕೆ ದುಡಿಯುವವರು. ಇದರ ಹಿಂದೆ ಅಹ್ಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ ಸೇವಾ ಸಂಘಟನೆಯ ಒತ್ತಾಯವೂ ಇತ್ತು. ಮನೆಯಲ್ಲಿ ದುಡಿಯುವವರಿಗೂ ಆರೋಗ್ಯ, ಸುರಕ್ಷೆ ಬೇಕು ಅಂತ ಅದರಲ್ಲಿ ಬರೆದಿದೆ. ಕೋರ್ಟು ಒಪ್ಪಿದ ಮೇಲೂ ಹಾಲ್ ಒಪ್ಪಲಿಲ್ಲ ಅನ್ನುವುದು ನಮ್ಮ ಪರಿಸ್ಥಿತಿ.

ಇನ್ನು ಶರೀರದ ವಿಷಯ. ನಾನು ವೈದ್ಯನಲ್ಲ, ಆದರೆ ಪುಸ್ತಕದ ಮುಂದೆ ಮಕ್ಕಳು ಹೇಗೆ ಕೂರುತ್ತಾರೆ ಅಂತ ವರ್ಷಗಟ್ಟಲೆ ನೋಡಿದವನು. ನಮ್ಮ ಹಿರಿಯರು ನೆಲದಲ್ಲಿ ಕೂತೇ ಓದಿದರು, ಆದರೆ ತೊಡೆ ಮೇಲೆ ಇಟ್ಟು ಓದಲಿಲ್ಲ. ಅದಕ್ಕೆ ರೆಹಾಲ್ ಇತ್ತು. ಒಂದಕ್ಕೊಂದು ಹೆಣೆದ ಎರಡು ಹಲಗೆ, ಬಿಡಿಸಿ ಇಟ್ಟರೆ ಪೀಠ. ಗ್ರಂಥಕ್ಕೆ ಗೌರವ ಅಂತ ನಾವು ಹೇಳುತ್ತೇವೆ, ಅದು ಸರಿಯೇ. ಜೊತೆಗೆ ಓದುವವನ ಕುತ್ತಿಗೆಗೂ ಅದರಿಂದ ಉಪಕಾರ ಆಯಿತು. ರೆಹಾಲ್ ಇಟ್ಟ ಹುಡುಗ ಒಂದು ಗಂಟೆ ನೆಟ್ಟಗೆ ಕೂರುತ್ತಾನೆ. ತೊಡೆ ಮೇಲೆ ಇಟ್ಟವನು ಹತ್ತು ನಿಮಿಷದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿರುತ್ತಾನೆ. ಹಿಂದಿನ ಅಂಗಡಿ ಗುಮಾಸ್ತರೂ ನೆಲದಲ್ಲೇ ಕೂತವರು, ಅವರ ಮುಂದೆಯೂ ಇಳಿಜಾರಿನ ಸಣ್ಣ ಮೇಜು ಇರುತ್ತಿತ್ತು. ಕುರ್ಚಿ ಇಲ್ಲದ ಕಾಲದಲ್ಲಿಯೂ ಮೇಜು ಇತ್ತು ಅನ್ನುವುದನ್ನು ಗಮನಿಸಿ.

ನಮ್ಮ ತಲೆಯ ತೂಕ ಸುಮಾರು ಐದು ಕಿಲೋ. ನೆಟ್ಟಗಿದ್ದರೆ ಅಷ್ಟೇ ಭಾರ. ಮುಂದೆ ಬಾಗಿದಷ್ಟೂ ಕುತ್ತಿಗೆ ಹಿಂದಿನ ಸ್ನಾಯುಗಳ ಮೇಲೆ ಎಳೆತ ಹೆಚ್ಚು, ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಲ್ಯಾಪ್‌ಟಾಪಿನ ತೊಂದರೆ ಏನೆಂದರೆ ಅದರ ಪರದೆಯೂ ಕೀಲಿಮಣೆಯೂ ಅಂಟಿಕೊಂಡಿವೆ. ಕೈಗೆ ಸರಿಯಾಗಿ ಇಟ್ಟರೆ ಪರದೆ ತೀರ ಕೆಳಗೆ, ಕಣ್ಣಿಗೆ ಸರಿಯಾಗಿ ಇಟ್ಟರೆ ಕೈ ಮೇಲೆ. ಸೋಫಾದಲ್ಲಿ ಎರಡೂ ಸರಿ ಬರುವುದಿಲ್ಲ. ಸೋಫಾ ತಗ್ಗು, ಆಳ ಜಾಸ್ತಿ, ಕೂತವರು ಜಾರಿ ಜಾರಿ ಕೊನೆಗೆ ಸೊಂಟದ ಬದಲು ಬೆನ್ನಿನ ಮೇಲೆ ಕೂರುತ್ತಾರೆ. ದಿಂಬಿನ ಮೇಲೆ ಇಟ್ಟರೆ ಮೆಷಿನಿನ ಗಾಳಿಯ ತೂತು ಮುಚ್ಚಿ ಅದು ಬಿಸಿಯಾಗುತ್ತದೆ. ತೊಡೆ ಮೇಲೆ ದಿನಗಟ್ಟಲೆ ಇಟ್ಟು ಚರ್ಮದಲ್ಲಿ ಬಲೆಯ ಹಾಗೆ ಕಂದು ಗುರುತು ಬಿದ್ದದ್ದನ್ನು ವೈದ್ಯರು ದಾಖಲಿಸಿದ್ದಾರೆ.

‘ಸೋಫಾ ಆರಾಮ ಅಲ್ವಾ ಉಸ್ತಾದರೇ, ನಮಗೆ ಸಿಕ್ಕಿದರೆ ಸಾಕಿತ್ತು’ ಅಂತ ಬಿಸಿಲಿನಲ್ಲಿ ದುಡಿಯುವವರು ನಗುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಉಂಟು. ಮೀನು ಹೊರುವವನ, ಸಾರಣೆ ಮಾಡುವವನ ಕಷ್ಟದ ಮುಂದೆ ಇದು ಕಷ್ಟವೇ ಅಲ್ಲ. ಆದರೆ ಅರ್ಧ ಗಂಟೆಗೆ ಆರಾಮ ಆದದ್ದು ಒಂಬತ್ತು ಗಂಟೆಗೂ ಆರಾಮ ಆಗಬೇಕೆಂದಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಸೋಫಾದಂಥ ಸೀಟಿನ ಬಸ್ಸಿನಲ್ಲಿ ಹೋಗಿ ಇಳಿದಾಗ ಸೊಂಟ ಎಂತ ಹೇಳುತ್ತದೆ ಅಂತ ಎಲ್ಲರಿಗೂ ಗೊತ್ತು.

ನಾನು ಸೊಸೆಯ ಮಾತೇ ಹೆಚ್ಚು ಎತ್ತಿದ್ದಕ್ಕೆ ಕಾರಣ ಉಂಟು. 2019ರಲ್ಲಿ ಕೇಂದ್ರ ಸರಕಾರ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಅಂತ ಬಂತು. ಅಂದರೆ ಐದು ಗಂಟೆ ಅಡುಗೆ, ಬಟ್ಟೆ, ಕಸ. ಅದರ ಮೇಲೆ ಕಂಪೆನಿಯ ಎಂಟೊಂಬತ್ತು ಗಂಟೆ. ಆಫೀಸಿಗೆ ಹೋಗುವವಳಿಗೆ ಬಸ್ಸಿನಲ್ಲಾದರೂ ಯಾರೂ ಕರೆಯದ ಅರ್ಧ ಗಂಟೆ ಸಿಗುತ್ತದೆ. ಸೋಫಾದಲ್ಲಿ ಕೂತವಳಿಗೆ ಅದೂ ಇಲ್ಲ. ಸಂಬಳ ಬಂದಾಗ ಮಾತ್ರ ಅದು ಮನೆಯ ಸಂಬಳ, ಸಾಲದ ಕಂತಿಗೆ ಬೇಕು, ಕಾರಿಗೆ ಬೇಕು. ಕಂತು ಕಟ್ಟುವವಳಿಗೆ ಒಂದು ಕುರ್ಚಿ ತರುವಾಗ ‘ಯಾಕೆ ದಂಡ, ಸೋಫಾ ಉಂಟಲ್ಲ’ ಅನ್ನುವುದು ಯಾವ ನ್ಯಾಯ?

ಜಾಗ ಇಲ್ಲ ಅನ್ನುವುದು ಕೆಲವು ಮನೆಗಳಲ್ಲಿ ನಿಜ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನ ಇದ್ದರೆ ಮೇಜು ಎಲ್ಲಿ ಇಡುವುದು? ಅವರಿಗೆ ಗೋಡೆಗೆ ತಿರುಗಣಿ ಹಾಕಿ ಮಡಚುವ ಹಲಗೆ ಸಾಕು. ಆದರೆ ನಾನು ಹೇಳುತ್ತಿರುವುದು ಸಿಟೌಟ್, ಹಾಲ್, ಡೈನಿಂಗ್, ಮೇಲೆ ಕೆಳಗೆ ಬೆಡ್‌ರೂಮ್ ಎಲ್ಲ ಇರುವ ಮನೆಗಳ ಬಗ್ಗೆ. ನಮ್ಮ ಕರಾವಳಿಯ ಮನೆ ಪ್ಲಾನುಗಳನ್ನು ನೋಡಿ. ಅದರಲ್ಲಿ ‘ವರ್ಕ್ ಏರಿಯಾ’ ಅಂತ ಒಂದು ಜಾಗ ಖಂಡಿತ ಇರುತ್ತದೆ. ಅದು ಅಡುಗೆಮನೆಯ ಹಿಂದೆ, ಮೀನು ಕ್ಲೀನ್ ಮಾಡಲಿಕ್ಕೆ, ಸೌದೆ ಒಲೆ ಇಡಲಿಕ್ಕೆ. ಇಡೀ ಮನೆಯಲ್ಲಿ ಕೆಲಸ ಅಂತ ಹೆಸರು ಬರೆದ ಜಾಗ ಅದೊಂದೇ. ವರ್ಷಕ್ಕೆ ನಾಲ್ಕು ದಿನ ಬರುವ ನೆಂಟರಿಗೆ ಗೆಸ್ಟ್ ರೂಮ್ ಉಂಟು, ದಿನಾ ಒಂಬತ್ತು ಗಂಟೆ ದುಡಿಯುವವರಿಗೆ ನಾಲ್ಕಡಿ ಗೋಡೆ ಇಲ್ಲ.

ದೊಡ್ಡ ಖರ್ಚಿನ ವಿಷಯ ಅಲ್ಲ ಇದು. ಬಡಗಿಗೆ ಹೇಳಿದರೆ ಮೂರಡಿ ಉದ್ದ, ಎರಡಡಿ ಅಗಲ, 29 ಇಂಚು ಎತ್ತರದ ಮೇಜು ಮಾಡಿ ಕೊಡುತ್ತಾನೆ. ಕೂತಾಗ ಪಾದ ನೆಲಕ್ಕೆ ತಾಗಬೇಕು, ತಾಗದಿದ್ದರೆ ಒಂದು ಮಣೆ ಇಡಿ. ಲ್ಯಾಪ್‌ಟಾಪ್ ಅಡಿಗೆ ಎಂತಾದರೂ ಇಟ್ಟು ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಬರಲಿ (ಕಿತಾಬುಗಳನ್ನು ಇಡಬೇಡಿ ಮತ್ತೆ, ಚಾಕಲೇಟ್ ಡಬ್ಬ ಸಾಕು, ಗಲ್ಫಿನಿಂದ ಬಂದದ್ದು ಎಲ್ಲ ಮನೆಯಲ್ಲೂ ಉಂಟು). ಬೇರೆ ಕೀಲಿಮಣೆ ಒಂದು ತಂದು ಕೆಳಗೆ ಇಟ್ಟರೆ ಕೈಯೂ ಸರಿಯಾಗುತ್ತದೆ. ಕಿಟಕಿ ಬೆನ್ನಿಗೆ ಬೇಡ, ಎದುರಿಗೂ ಬೇಡ, ಬದಿಗೆ ಇರಲಿ. ಮಳೆಗಾಲದಲ್ಲಿ ನಮ್ಮ ಕಿಟಕಿಗಳಿಂದ ಎರಚಲು ಬರುವುದನ್ನೂ ನೋಡಿಕೊಳ್ಳಿ. ಮೇಜಿನ ಮುಂದೆ ಕೂತವರನ್ನು ಡ್ಯೂಟಿ ಮುಗಿಯುವ ತನಕ ಕರೆಯುವುದಿಲ್ಲ ಅಂತ ಮನೆಯ ದೊಡ್ಡವರು ಒಂದು ಸಲ ಬಾಯಿಬಿಟ್ಟು ಹೇಳಬೇಕು. ಅತ್ತೆ ಹೇಳಿದರೆ ಇನ್ನೂ ಒಳ್ಳೆಯದು, ಆಗ ಮಕ್ಕಳೂ ಕೇಳುತ್ತಾರೆ.

ಈಗ ಮನೆ ಕಟ್ಟಿಸುತ್ತಿರುವವರಿಗೆ ಇನ್ನೂ ಸುಲಭ. ಸಾರಣೆ ಆಗುವ ಮೊದಲು ವಯರಿಂಗ್‌ನವನು ಬರುತ್ತಾನಲ್ಲ, ಟಿವಿ ಎಲ್ಲಿ, ಫ್ರಿಜ್ ಎಲ್ಲಿ ಅಂತ ಕೇಳುತ್ತಾನೆ. ಆಗ ಮಗಳನ್ನೋ ಸೊಸೆಯನ್ನೋ ಸೈಟಿಗೆ ಕರೆದುಕೊಂಡು ಹೋಗಿ. ನಿನ್ನ ಮೇಜು ಎಲ್ಲಿ ಬೇಕು ಅಂತ ಕೇಳಿ, ಅವಳು ತೋರಿಸಿದ ಗೋಡೆಯಲ್ಲಿ ಎರಡು ಪ್ಲಗ್ ಪಾಯಿಂಟ್ ಇಡಿಸಿ.