ಪಾದ್ರಿ ಯಾವ ಕಡೆ ಮುಖ ಮಾಡಬೇಕು?

2022ರ ಕ್ರಿಸ್‌ಮಸ್ ಮುನ್ನಾದಿನಗಳಲ್ಲಿ ಎರ್ನಾಕುಲಂನ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಬಲಿಪೀಠದ ಬಳಿಯೇ ನೂಕಾಟ ನಡೆದು, ಪೊಲೀಸರು ಒಳಗೆ ಬರಬೇಕಾಯಿತು. ಕಾರಣ ಹೇಳಿದರೆ ಹಾಸ್ಟೆಲ್‌ನಲ್ಲಿ ಹುಡುಗರು ನಗುತ್ತಾರೆ: ಬಲಿಪೂಜೆಯಲ್ಲಿ ಪಾದ್ರಿ ಜನರ ಕಡೆ ತಿರುಗಬೇಕೋ, ಬಲಿಪೀಠದ ಕಡೆಗೋ?

ನಗುವ ವಿಷಯವೇನಲ್ಲ. ಕ್ಯಾಥೊಲಿಕ್ ಎಂದರೆ ಒಂದೇ ಅಚ್ಚು ಎಂದು ನಾವು ಹೊರಗಿನವರು ತಿಳಿದಿರುತ್ತೇವೆ. ಆದರೆ ಪೋಪ್ ಅಡಿಯಲ್ಲಿ ಲ್ಯಾಟಿನ್ ಸಭೆಯೂ ಸೇರಿ 24 ಸಭೆಗಳಿವೆ. ಪೂಜಾವಿಧಿ, ಕಾನೂನು ಬೇರೆ ಬೇರೆ. ಕೇರಳದ ಸಿರೋ ಮಲಬಾರ್ ಸಭೆ ಅವುಗಳಲ್ಲೊಂದು. ನಮ್ಮಲ್ಲೂ ಅದಿದೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯದಲ್ಲಿ ಅದರ ಧರ್ಮಪ್ರಾಂತ್ಯಗಳಿವೆ. ಬೆಳ್ತಂಗಡಿ ಕಡೆ ಮಂಗಳೂರು ಬಿಷಪ್ಪರ ಲ್ಯಾಟಿನ್ ಚರ್ಚೂ ಸಿಗುತ್ತದೆ, ಸಿರೋ ಮಲಬಾರ್ ಚರ್ಚೂ ಸಿಗುತ್ತದೆ. ಅಲ್ಲಿ ಯಾರೂ ಯಾರಿಗೂ ನೀವು ಕ್ಯಾಥೊಲಿಕರಲ್ಲ ಎನ್ನುವುದಿಲ್ಲ.

ಜಗಳ ಹತ್ತಿದ್ದು ಒಂದೇ ಸಭೆಯ ಒಳಗೆ. 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಎರ್ನಾಕುಲಂ ಭಾಗದಲ್ಲಿ ಪಾದ್ರಿಗಳು ಜನರತ್ತ ಮುಖಮಾಡಿ ಪೂಜೆ ಮಾಡತೊಡಗಿದರು. ಕ್ರಿಸ್ತ ಜನರ ನಡುವೆ ಇದ್ದಾನೆ, ಇದು ಒಂದೇ ಪಂಕ್ತಿಯ ಊಟ ಎಂಬ ಭಾವ ಅದು. ಪಾದ್ರಿ, ಜನ ಎಲ್ಲರೂ ಒಂದೇ ದಿಕ್ಕಿಗೆ ದೇವರತ್ತ ನೋಡಬೇಕು, ನಮ್ಮ ಪೂರ್ವದ ಸಿರಿಯಾಕ್ ಪರಂಪರೆಯೇ ಅದು ಎನ್ನುವುದು ಇನ್ನೊಂದು ಗುಂಪಿನ ಒತ್ತು. 2021ರಲ್ಲಿ ಬಿಷಪ್ಪರ ಸಿನೊಡ್ ಇದನ್ನು ಸರಿ ಅರ್ಧ ಮಾಡಿತು: ಮೊದಲ ಭಾಗ ಜನರತ್ತ, ಮುಖ್ಯ ಭಾಗ ಬಲಿಪೀಠದತ್ತ, ಕೊನೆಗೆ ಮತ್ತೆ ಜನರತ್ತ. ಉಳಿದ ಕಡೆ ಅದು ಜಾರಿಗೆ ಬಂತು. ಎರ್ನಾಕುಲಂ–ಅಂಗಮಾಲಿಯ ಬಹುಪಾಲು ಪಾದ್ರಿಗಳು ಒಪ್ಪಲಿಲ್ಲ. ಅಷ್ಟು ಹೊತ್ತಿಗಾಗಲೇ 2017ರ ಜಮೀನು ಮಾರಾಟದ ವಿವಾದದಿಂದ ಮೇಲಿನವರ ಮೇಲೆ ಅಲ್ಲಿ ನಂಬಿಕೆ ಸವೆದಿತ್ತು. ನನ್ನ ಲೆಕ್ಕದಲ್ಲಿ ಅರ್ಧ ಬೆಂಕಿ ಅಲ್ಲಿಂದಲೇ ಬಂದದ್ದು; ಕೇಳದೆ ಹೇರಿದ ನಿರ್ಧಾರವನ್ನು, ಅದು ಎಷ್ಟೇ ಸಮತೂಕದ್ದಾಗಿರಲಿ, ಸಿಟ್ಟಿನಲ್ಲಿರುವವರು ಒಪ್ಪುವುದಿಲ್ಲ.

ಸಿನೊಡ್ ಪರವಾಗಿಯೂ ಒಂದು ಮಾತಿದೆ. ಎಲ್ಲರೂ ಪಾಲಿಸುವ ನಿರ್ಣಯವನ್ನು ಒಂದು ಧರ್ಮಕ್ಷೇತ್ರ ಮಾತ್ರ ಬಿಟ್ಟರೆ ನಾಳೆ ಇನ್ನೊಂದೂ ಬಿಡಬಹುದು. ಅದು ನಿಜ. ಆದರೆ ಮಾತು ‘ಸಭೆಯಿಂದ ಹೊರಗೆ’ ಎಂಬ ಎಚ್ಚರಿಕೆಯವರೆಗೆ ಹೋದಾಗ, ದಂಡನೆ ತಪ್ಪಿಗಿಂತ ದೊಡ್ಡದಾಯಿತು. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ವಿಡಿಯೊ ಸಂದೇಶ ಕಳಿಸಿ ಕೇಳಿಕೊಂಡರೂ ಬಿಕ್ಕಟ್ಟು ಬಗೆಹರಿಯಲಿಲ್ಲ.

ಇದರಲ್ಲಿ ಪೆಟ್ಟು ತಿಂದವರು ನಮ್ಮ ವಯಸ್ಸಿನವರು. ಸೆಮಿನರಿ ಓದು ಮುಗಿಸಿದ ಕೆಲವರ ಗುರುದೀಕ್ಷೆ ತಿಂಗಳುಗಟ್ಟಲೆ ನಿಂತಿತು. ಏಕರೂಪದ ಪೂಜೆಯನ್ನೇ ಮಾಡುತ್ತೇವೆಂದು ಬರೆದುಕೊಡಬೇಕು ಎಂಬ ಷರತ್ತು ಮುಂದಿತ್ತು. ಆಫರ್ ಲೆಟರ್ ಹಿಡಿದು ಜಾಯಿನಿಂಗ್ ಡೇಟಿಗೆ ಕಾಯುತ್ತಿರುವ ನಮ್ಮ ಸೀನಿಯರ್‌ಗಳಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

2025ರ ಜೂನ್‌ನಲ್ಲಿ ಒಂದು ಒಪ್ಪಂದವಾಯಿತು. ಭಾನುವಾರ ಪ್ರತಿ ಚರ್ಚಿನಲ್ಲಿ ಒಂದು ಪೂಜೆ ಸಿನೊಡ್ ಹೇಳಿದಂತೆ. ಮಿಕ್ಕವು ಜನರತ್ತ ಮುಖಮಾಡಿಯೇ. ಇಷ್ಟನ್ನು 2021ರಲ್ಲೇ ಕೂತು ಮಾತಾಡಿದ್ದರೆ ಬೆಸಿಲಿಕಾದ ಬಾಗಿಲಿಗೆ ಬೀಗ ಬೀಳುತ್ತಿರಲಿಲ್ಲ.