ಮನೆವಾರ್ತೆ: ನೆಲದಡಿಯ ನೀರು

ಆರಿದ್ರಾ ಮಳೆಯು ಹಿಡಿಯಿತೆಂದರೆ ಹಾನಗಲ್ಲ, ಹಿರೇಕೆರೂರ ಸೀಮೆಯ ಹಳೆಯ ಮನೆಗಳಲ್ಲಿ ನೆಲವು ಬೆವರತೊಡಗುವದು. ಗೋಡೆಯ ಬುಡದಲ್ಲಿ ಮೊಳಕಾಲೆತ್ತರದ ವರೆಗೆ ಕಪ್ಪು ಕಲೆಯು ಏರುವದು. ಸುಣ್ಣವು ಹಕ್ಕಳೆಯಾಗಿ ಉದುರಿ, ಅದರ ಹಿಂದೆ ಸವಳು ಬೆಳ್ಳಗೆ ಕಾಣಿಸಿಕೊಳ್ಳುವದು. ಶಿಗ್ಗಾಂವ, ಸವಣೂರ ಕಡೆಯ ಎರೆಭೂಮಿಯಲ್ಲಿ ಮಳೆ ಅಷ್ಟಿಲ್ಲದಿದ್ದರೂ ಬಿದ್ದ ನೀರು ಬೇಗನೆ ಇಂಗದು. ಆಗ ಗೃಹಸ್ಥರು ಮಾಡುವ ಮೊದಲನೆಯ ಕಾರ್ಯವೆಂದರೆ ಗೌಂಡಿಯನ್ನು ಕರೆಯಿಸಿ ಒಳಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವದು. ಹಣ ವೆಚ್ಚಮಾಡಿ ರೋಗವನ್ನು ಮುಚ್ಚಿಡುವ ಈ ಪದ್ಧತಿಯು ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಮಣ್ಣಿನ ಗೋಡೆಯು ಪಾಯದಲ್ಲಿಯ ನೀರನ್ನು ಮೇಲಕ್ಕೆ ಹೀರುವದು. ಮಣ್ಣು, ಸುಣ್ಣಗಳ ಮೈಯಿಂದ ಆ ತೇವವು ಗಾಳಿಗೆ ಆರಿಹೋಗುವದು. ಸಿಮೆಂಟು ಆ ದಾರಿಯನ್ನು ಕಟ್ಟಿದರೆ ನೀರು ಸುಮ್ಮನಿರದೆ ಇನ್ನೂ ಎತ್ತರಕ್ಕೆ ಏರುವದು. ಮೇಲೆ ನುಣುಪಾಗಿ ಕಾಣುವ ಗೋಡೆಯ ಗರ್ಭದಲ್ಲಿ ಮಣ್ಣು ಮೆತ್ತಗಾಗುವದು. ಇದನ್ನು ಅಲಕ್ಷ್ಯ ಮಾಡಲಾಗದು. 2024ನೆಯ ಇಸವಿಯ ಜುಲೈ ತಿಂಗಳಲ್ಲಿ ಸವಣೂರ ತಾಲೂಕಿನ ಮಾದಾಪುರದಲ್ಲಿ ಎಡೆಬಿಡದ ಮಳೆಗೆ ಮನೆ ಕುಸಿದು ಇಬ್ಬರು ಎಳೆಯ ಮಕ್ಕಳು ಸಹಿತ ಮೂವರು ತೀರಿಕೊಂಡರು.

ಮೊದಲು ತೇವವು ಎಲ್ಲಿಂದ ಬರುವದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ಬಿಗಿದು, ಎರಡು ದಿವಸ ಬಿಡಿರಿ. ಹಾಳೆಯ ಅಡಿಯಲ್ಲಿ ಹನಿಗಳಿದ್ದರೆ ನೀರು ನೆಲದೊಳಗಿನದು. ಮೇಲೆ ಇದ್ದರೆ ಗಾಳಿಯೊಳಗಿನದು. ಎರಡನೆಯದಕ್ಕೆ ಕಿಟಕಿ ತೆರೆಯುವದೇ ಮದ್ದು.

ನೀರು ನೆಲದೊಳಗಿನದಾಗಿದ್ದರೆ ಚಿಕಿತ್ಸೆಯು ಮನೆಯ ಹೊರಗೇ ಆರಂಭವಾಗತಕ್ಕದ್ದು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಕಟ್ಟಿಸಬೇಕು. ಬಚ್ಚಲ ನೀರನ್ನು ದೂರ ಸಾಗಿಸಬೇಕು. ಗೋಡೆಯಿಂದ ಎರಡು ಮೂರು ಮೊಳಗಳ ವರೆಗೆ ನೆಲವು ಹೊರಕ್ಕೆ ಇಳಿಜಾರಾಗಿರಬೇಕು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಂದು ಮೊಳದ ಕುಣಿ ತೋಡಿ, ನೀರು ತುಂಬಿ, ನೂರು ಹೆಜ್ಜೆ ನಡೆದು ಬಂದು ನೋಡೆಂದೂ, ನೀರು ತಗ್ಗದಿದ್ದರೆ ಆ ನೆಲವು ಶ್ರೇಷ್ಠವೆಂದೂ ಹೇಳಿದ್ದಾನೆ. ಆಚಾರ್ಯನ ಮೇಲೆ ನನಗೆ ಭಕ್ತಿಯುಂಟು. ಆದರೆ ನಮ್ಮ ಎರೆಮಣ್ಣಿಗೆ ಇದೊಂದೇ ಪರೀಕ್ಷೆ ಸಾಲದು. ನೀರನ್ನು ಹಿಡಿದಿಟ್ಟುಕೊಂಡು ಉಬ್ಬುವದೂ ಬೇಸಿಗೆಯಲ್ಲಿ ಬಿರಿಯುವದೂ ಅದರ ಸ್ವಭಾವ. ಅದರ ಮೇಲಿನ ಪಾಯವು ವರ್ಷಕ್ಕೊಮ್ಮೆ ಏರಿ ಇಳಿಯುವದು. ಆದುದರಿಂದ ಅಲ್ಲಿ ಗೋಡೆಯ ಸುತ್ತ ಎರೆಯನ್ನು ತೆಗೆದು, ಗರಸು ಬಡಿದು, ಮೇಲೆ ಫರಸಿ ಹಾಸುವದು ಲೇಸು. ಓಣಿಯ ರಸ್ತೆಯನ್ನು ಹಳೆಯದರ ಮೇಲೆಯೇ ಕಾಂಕ್ರೀಟ್ ಸುರಿದು ಎತ್ತರಿಸುವಾಗಲಂತೂ ಮನೆಯವರೆಲ್ಲ ಕೂಡಿ ತಕರಾರು ಮಾಡಲೇಬೇಕು. ಹೊಸ್ತಿಲು ರಸ್ತೆಗಿಂತ ಕೆಳಗಾದ ಮೇಲೆ ಯಾವ ಗೌಂಡಿಯೂ ಏನೂ ಮಾಡಲಾರ.

ಇನ್ನು ಹಗೇವಿನ ಮಾತು. ನಮ್ಮ ಹಿರಿಯರು ಜೋಳವನ್ನು ತುಂಬುತ್ತಿದ್ದ ಈ ನೆಲಗುಂಡಿಗಳು ಈಗ ಬಹುತೇಕ ನಿಂತುಹೋಗಿವೆ. ಆದರೆ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಫರಸಿ ಹಾಸಿ ಮರೆತ ಹಗೇವು ಎಷ್ಟೋ ಮನೆಗಳ ಕೆಳಗೆ ಇಂದಿಗೂ ಟೊಳ್ಳಾಗಿ ಇರುವದು. ಸುತ್ತಲಿನ ನೀರೆಲ್ಲ ಅಲ್ಲಿಗೆ ಜಿನುಗುವದು. ನಡುಮನೆಯ ಒಂದೇ ಮೂಲೆಯು ವರ್ಷವಿಡೀ ತಂಪಾಗಿದ್ದರೆ, ಇಲ್ಲವೆ ತುಳಿದಾಗ ಡಬಡಬ ಸಪ್ಪಳವಾದರೆ, ಮನೆಯ ಹಿರಿಯರನ್ನು ಕೇಳಿ ನೋಡಿರಿ.

ಇದನ್ನು ತೆರೆಯುವಾಗ ಬಹಳ ಎಚ್ಚರ ಬೇಕು. ಕಾಳಿನ ಉಸಿರಾಟದಿಂದಲೂ ಕೊಳೆತ ಹೊಟ್ಟಿನಿಂದಲೂ ಒಳಗಿನ ಪ್ರಾಣವಾಯುವು ತೀರಿ, ಅಂಗಾರವಾಯುವು ತುಂಬಿರುವದು. ಇಳಿದವನು ಕೂಗಲೂ ಅವಕಾಶವಿಲ್ಲದೆ ಬೀಳುವನು. ಅವನನ್ನೆತ್ತಲು ಇಳಿದವನೂ ಬೀಳುವನು. ಹಿಂದಿನವರು ಮೊದಲು ಕಂದೀಲನ್ನು ಇಳಿಬಿಟ್ಟು, ಅದು ಆರಿದರೆ ಹಿಂದೆಗೆಯುತ್ತಿದ್ದರು. ಆದರೆ ಆರಲಿಲ್ಲವೆಂದು ನಿರ್ಭಯರಾಗಲಾಗದು. ಗಟಾರದ ನೀರು ಸೇರಿದ ಗುಂಡಿಗೆ ದೀಪವನ್ನು ಒಯ್ಯಲೇಬಾರದು. ಉರಿಯುವ ವಾಯುವೂ ಅಲ್ಲಿ ಕೂಡಿರಬಹುದು. ಯಾರೂ ಒಳಗೆ ಇಳಿಯದೆ ಮೇಲಿನಿಂದಲೇ ಪಂಪಿನಿಂದ ನೀರೆತ್ತಿ, ಒಣ ಗರಸನ್ನು ಗೇಣುಗೇಣಾಗಿ ಸುರಿದು, ಉದ್ದನೆಯ ಕೋಲಿನಿಂದ ಬಡಿಯುತ್ತ ಬಾಯಿಯ ವರೆಗೆ ತುಂಬಿರಿ. ಎರೆಮಣ್ಣನ್ನಾಗಲಿ ಮನೆಯ ಕಸವನ್ನಾಗಲಿ ಹಾಕಲಾಗದು. ಒಂದು ಉಬ್ಬುವದು, ಇನ್ನೊಂದು ಕೊಳೆತು ಕುಸಿಯುವದು.

ಇವೆಲ್ಲ ಮಾಘ, ಫಾಲ್ಗುಣ ಮಾಸಗಳ ಕೆಲಸ. ಹೊರಗಿನ ನೀರು ತಿರುಗಿದ ಮೇಲೆ ಗೋಡೆಯ ಹಳೆಯ ಸಿಮೆಂಟನ್ನು ಕೆತ್ತಿಸಿ, ಒಂದು ಬೇಸಿಗೆ ಅದನ್ನು ಬರಿದಾಗಿಯೇ ಆರಲು ಬಿಡಿರಿ. ಮೇಲೆ ಬಂದ ಸವಳನ್ನು ಒಣ ಬ್ರಶ್ಶಿನಿಂದ ಉದುರಿಸಬೇಕು, ನೀರಿನಿಂದ ತೊಳೆಯಬಾರದು. ಮುಂದೆ ಸುಣ್ಣದ ಗಿಲಾವನ್ನೇ ಮಾಡಿಸಿರಿ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಈಗ ಕಡಿಮೆ; ಸಿಕ್ಕರೆ ಎರಡು ದಿನದ ಪಗಾರ ಹೆಚ್ಚಾದರೂ ಚೌಕಾಸಿ ಮಾಡಬೇಡಿರಿ.