‘ಹರಡಿತು’ ಎಂದರೆ ಸಾಕೇ?

ಅಭ್ಯಾಸ ಬೋಧನೆಯ ಕೊನೆಯ ವಾರ ಎಂಟನೇ ತರಗತಿಗೆ ಗ್ರೀಕ್ ನಾಗರಿಕತೆಯ ಪಾಠ ಮಾಡುತ್ತಿದ್ದೆ. ‘ಅಲೆಕ್ಸಾಂಡರನ ದಂಡಯಾತ್ರೆಯಿಂದ ಗ್ರೀಕ್ ಸಂಸ್ಕೃತಿ ಪೂರ್ವಕ್ಕೆ ಹರಡಿತು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ಅಲ್ಲಿ ಮೊದಲೇ ಇದ್ದವರು ಏನು ಮಾಡಿದರು?’ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ‘ನಾಳೆ ನೋಡೋಣ’ ಎಂದು ಕೂರಿಸಿದೆ.

ಆ ಪ್ರಶ್ನೆಯೇ ಪಾಠದ ತಿರುಳಾಗಬೇಕು ಎಂಬುದು ನನ್ನ ಅಭಿಪ್ರಾಯ. ‘ಹರಡಿತು’ ಎಂದಾಗ ಒಬ್ಬರು ಕೊಟ್ಟರು, ಇನ್ನೊಬ್ಬರು ಸುಮ್ಮನೆ ತೆಗೆದುಕೊಂಡರು ಎಂಬ ಚಿತ್ರ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಆಧಾರಗಳು ಬೇರೆಯೇ ಹೇಳುತ್ತವೆ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಈಜಿಪ್ಟನ್ನು ಆಳಿದ ಟಾಲೆಮಿಗಳು ಗ್ರೀಕ್ ಭಾಷೆಯಲ್ಲಿ ಆಡಳಿತ ನಡೆಸಿದರು. ಆದರೆ ಅಲ್ಲಿನ ದೇವಾಲಯಗಳ ಗೋಡೆಗಳ ಮೇಲೆ ಫೇರೋಗಳ ವೇಷದಲ್ಲೇ ತಮ್ಮನ್ನು ಕೆತ್ತಿಸಿಕೊಂಡರು. ಇಂದಿನ ಅಫ್ಘಾನಿಸ್ತಾನದ ಐ-ಖಾನುಮ್ ನಗರದಲ್ಲಿ ಗ್ರೀಕ್ ರಂಗಮಂದಿರ, ವ್ಯಾಯಾಮಶಾಲೆಗಳಿದ್ದವು. ಮುಖ್ಯ ದೇವಾಲಯದ ವಿನ್ಯಾಸ ಮಾತ್ರ ಮೆಸೊಪೊಟೇಮಿಯಾದ ಮಾದರಿಯದು. ತಕ್ಷಶಿಲೆಯಿಂದ ವಿದಿಶೆಗೆ ಬಂದ ಗ್ರೀಕ್ ರಾಯಭಾರಿ ಹೆಲಿಯೊಡೋರಸ್ ವಾಸುದೇವನಿಗಾಗಿ ಗರುಡಗಂಬ ನಿಲ್ಲಿಸಿ, ತನ್ನನ್ನು ‘ಭಾಗವತ’ ಎಂದು ಕರೆದುಕೊಂಡ. ಇಲ್ಲಿ ಯಾರದು ಯಾರಿಗೆ ಹರಡಿತು?

ಹಾಗೆಂದು ‘ಎಲ್ಲರೂ ಸೌಹಾರ್ದದಿಂದ ಬೆರೆತರು’ ಎಂದು ಬರೆಸುವುದೂ ಸರಿಯಲ್ಲ. ಈಜಿಪ್ಟಿನಲ್ಲಿ ಮೇಲಿನ ಹುದ್ದೆ ಬೇಕಾದವರು ಗ್ರೀಕ್ ಕಲಿಯಬೇಕಿತ್ತು. ಆಳುವವರಿಗೆ ಅಂಥ ಅಗತ್ಯವಿರಲಿಲ್ಲ. ಕೊನೆಯ ಕ್ಲಿಯೋಪಾತ್ರಳಿಗಿಂತ ಮುಂಚಿನ ಟಾಲೆಮಿ ಅರಸರು ಈಜಿಪ್ಟಿನ ಭಾಷೆ ಕಲಿಯುವ ಗೋಜಿಗೇ ಹೋಗಲಿಲ್ಲ ಎನ್ನುತ್ತಾನೆ ಪ್ಲೂಟಾರ್ಕ್. ಬೆರೆಯುವುದರಲ್ಲೂ ಮೇಲು-ಕೀಳು ಇತ್ತು.

‘ಒಂದು ಅವಧಿಯಲ್ಲಿ ಇಷ್ಟೆಲ್ಲ ಹೇಗೆ?’ ಎಂದು ಸಹಪಾಠಿಗಳು ಕೇಳಬಹುದು. ಎಲ್ಲವೂ ಬೇಡ, ಒಂದೇ ಉದಾಹರಣೆ ಸಾಕು. ತಿಳಿದದ್ದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂದು ನಾವೇ ಓದಿದ್ದೇವಲ್ಲ. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಪ್ರಾಕೃತದಲ್ಲಿ ಶಾಸನ ಬರೆಸಿದ ಅಶೋಕ, ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ. ಅಲ್ಲಿ ‘ಧಮ್ಮ’ಕ್ಕೆ ಬಳಸಿದ ಗ್ರೀಕ್ ಪದ ‘ಯೂಸೆಬಿಯಾ’, ಅಂದರೆ ದೈವಭಕ್ತಿ. ‘ಅಶೋಕ ಗ್ರೀಕಿನಲ್ಲಿ ಏಕೆ ಬರೆಸಿದ? ಓದುವವರು ಯಾರು? ಎರಡೂ ಪದಗಳ ಅರ್ಥ ಒಂದೆಯೇ?’ ಎಂದು ಗುಂಪು ಚರ್ಚೆಗೆ ಬಿಡಿ. ಮಕ್ಕಳೇ ಪಾಠವನ್ನು ಮುಂದಕ್ಕೆ ಒಯ್ಯುತ್ತಾರೆ.

ಆ ಶಾಲೆಯಲ್ಲಿ ನನ್ನ ಅವಧಿ ಮುಗಿಯಿತು. ಆ ಹುಡುಗಿಗೆ ಹೇಳಿದ ‘ನಾಳೆ’ ಬರಲೇ ಇಲ್ಲ. ಮುಂದಿನ ತಂಡದವರಾದರೂ ಪಾಠಯೋಜನೆಯಲ್ಲಿ ಅವಳ ಪ್ರಶ್ನೆಗೆ ಒಂದು ಸಾಲಿನ ಜಾಗ ಇಡಲಿ.